ಅಪರೂಪದ ನಾಡಮೀನುಗಳ ಮರಿ ಉತ್ಪಾದನೆಯಲ್ಲಿ ಆನುವಂಶಿಕ ವೈವಿಧ್ಯದ ರಕ್ಷಣೆ

ಪೀಠಿಕೆ

ನದಿಯಲ್ಲಿ ಒಂದು ಜಾತಿಯ ಮೀನು ಅಪರೂಪವಾಗುತ್ತಿದೆ ಎಂದು ತಿಳಿದೊಡನೆ ನಮಗೆ ಸಾಮಾನ್ಯವಾಗಿ ತೋಚುವ ಪರಿಹಾರವೆಂದರೆ ಅದರ ಮರಿಗಳನ್ನು ಉತ್ಪಾದಿಸಿ ನದಿಗೆ ಬಿಡುವುದು. ಇದು ಸದುದ್ದೇಶದ ಕಾರ್ಯ. ಆದರೆ ಇಂತಹ ಕಾರ್ಯಕ್ರಮಗಳ ಯಶಸ್ಸನ್ನು ನಾವು ಬಿಟ್ಟ ಮರಿಗಳ ಸಂಖ್ಯೆಯಿಂದ ಮಾತ್ರ ಅಳೆಯುತ್ತೇವೆ. ಒಂದು ಲಕ್ಷ ಮರಿಗಳನ್ನು ಬಿಡಲಾಯಿತು ಎಂಬ ವರದಿ ಓದಿದಾಗ, ಆ ಒಂದು ಲಕ್ಷ ಮರಿಗಳು ಎಷ್ಟು ತಂದೆತಾಯಿಗಳ ಮಕ್ಕಳು, ಆ ತಂದೆತಾಯಿಗಳು ಯಾವ ನದಿಯವು ಎಂಬ ಎರಡು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ವಾಸ್ತವವಾಗಿ ಮೀನಿನ ತಳಿ ಉಳಿಯುವುದೂ ಅಳಿಯುವುದೂ ಈ ಎರಡು ಪ್ರಶ್ನೆಗಳ ಉತ್ತರವನ್ನು ಅವಲಂಬಿಸಿದೆ.

ಈ ಲೇಖನದಲ್ಲಿ ನಮ್ಮ ನಾಡಿನ ಮಹಶೀರ್ ಮೀನನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು, ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ಆನುವಂಶಿಕ ವೈವಿಧ್ಯವು ಹೇಗೆ ನಷ್ಟವಾಗುತ್ತದೆ ಮತ್ತು ಅದನ್ನು ತಡೆಯಲು ಅನುಸರಿಸಬೇಕಾದ ಕ್ರಮಗಳು ಯಾವುವು ಎಂಬುದನ್ನು ವಿವರಿಸಲಾಗಿದೆ. ಮೀನುಮರಿ ಉತ್ಪಾದಕರು, ಮರಿ ಪಾಲನೆ ಮಾಡುವ ರೈತರು, ಕೆರೆ ಗುತ್ತಿಗೆದಾರರು ಹಾಗೂ ವಿಸ್ತರಣಾ ಕಾರ್ಯಕರ್ತರು ಇದನ್ನು ಗಮನವಿಟ್ಟು ಓದಬೇಕೆಂದು ಕೋರಲಾಗಿದೆ.

ಕಾವೇರಿಯ ಮಹಶೀರ್ ಕಲಿಸಿದ ಪಾಠ

ಕಾವೇರಿ ಕೊಳ್ಳದ ಡುಬ್ಬಬೆನ್ನಿನ ಮಹಶೀರ್ ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಮೀನುಗಳಲ್ಲಿ ಒಂದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿ ನದಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿ.ಗ್ರಾಂ ತೂಗಿತ್ತು. ಇಷ್ಟು ಹೆಸರಾದ ಮೀನಾದರೂ ಇದರ ವೈಜ್ಞಾನಿಕ ಗುರುತು ಖಚಿತವಾಗಿದ್ದು 2018ರಲ್ಲಿ. ಅದು ಕಾವೇರಿಯ ಉಪನದಿಯಾದ ಪಾಂಬಾರ್‌ನಿಂದ 2010ರಲ್ಲಿ ವಿವರಿಸಲಾಗಿದ್ದ ಟಾರ್ ರೆಮದೇವಿ ಎಂಬ ಪ್ರಭೇದವೇ ಎಂದು ಆಗ ತಿಳಿದುಬಂದಿತು. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ತೀವ್ರ ಅಳಿವಿನಂಚಿನ ಪ್ರಭೇದವೆಂದು ಪರಿಗಣಿಸಿತು. ಇಂದು ಈ ಮೀನು ಮೋಯಾರ್ ನದಿಯಂತಹ ಕೆಲವೇ ನೆಲೆಗಳಲ್ಲಿ ಉಳಿದಿದೆ.

ಈ ಮೀನಿನ ಅವನತಿಗೆ ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದು ಮುಂತಾದ ಕಾರಣಗಳಿವೆ. ಅವುಗಳ ಜೊತೆಗೆ ಸಂರಕ್ಷಣೆಯ ಹೆಸರಿನಲ್ಲಿ ನಡೆದ ಕಾರ್ಯವೊಂದೂ ಸೇರಿಕೊಂಡಿದೆ. ಮಹಾರಾಷ್ಟ್ರದ ಲೋಣಾವಳದಲ್ಲಿ 1970ರ ದಶಕದಲ್ಲಿ ನೀಲಿ ರೆಕ್ಕೆಯ ಮಹಶೀರ್‌ನ ಕೃತಕ ಸಂತಾನೋತ್ಪತ್ತಿ ಯಶಸ್ವಿಯಾಯಿತು. ಇದು ದೇಶದ ಮತ್ಸ್ಯವಿಜ್ಞಾನದಲ್ಲಿ ದೊಡ್ಡ ಸಾಧನೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ನೀಲಿ ರೆಕ್ಕೆಯ ಮಹಶೀರ್ ಕೃಷ್ಣಾ ಕೊಳ್ಳದ ಮೀನು. 1839ರಲ್ಲಿ ಅದನ್ನು ಮೊದಲು ವಿವರಿಸಿದ್ದೇ ಪುಣೆಯ ಮುಳಾ–ಮುಠಾ ನದಿಯಿಂದ. ಅದರ ಮರಿಗಳನ್ನು ಹಲವು ರಾಜ್ಯಗಳಿಗೆ ಹಂಚಲಾಯಿತು, ಕಾವೇರಿಗೂ ಬಿಡಲಾಯಿತು. ಮಹಶೀರ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ಹಲವು ಪ್ರಭೇದಗಳಿವೆ ಎಂಬ ಅಂಶ ಆಗ ಯಾರ ಗಮನಕ್ಕೂ ಬರಲಿಲ್ಲ.

ಕಾವೇರಿಯ ಗಾಳ ಶಿಬಿರವೊಂದರಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ದಾಖಲೆಯನ್ನು ಸಂಶೋಧಕರು ಪರಿಶೀಲಿಸಿದಾಗ ಪರಿಣಾಮ ಸ್ಪಷ್ಟವಾಯಿತು. ಗಾಳಕ್ಕೆ ಸಿಗುವ ಒಟ್ಟು ಮಹಶೀರ್‌ಗಳ ಸಂಖ್ಯೆ ಹೆಚ್ಚಿತ್ತು, ಸರಾಸರಿ ಗಾತ್ರ ಕಡಿಮೆಯಾಗಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯ ಮೀನು. ಡುಬ್ಬಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ, ಕೊನೆಕೊನೆಗೆ ಸಿಗುತ್ತಿದ್ದವು ಬಹುತೇಕ ವಯಸ್ಸಾದ ದೊಡ್ಡ ಮೀನುಗಳು ಮಾತ್ರ. ಹೊಸ ತಲೆಮಾರು ಬರುತ್ತಿರಲಿಲ್ಲ. ಮಹಶೀರ್ ಹೆಚ್ಚಾಗಿದೆ ಎಂದು ನಾವು ಸಂತೋಷಪಡುತ್ತಿದ್ದ ಕಾಲದಲ್ಲಿಯೇ ಕಾವೇರಿಯ ಸ್ವಂತ ಮಹಶೀರ್ ಕಣ್ಮರೆಯಾಗುತ್ತಿತ್ತು.

ಆದ್ದರಿಂದ ಮರಿ ಉತ್ಪಾದನೆಯ ಮೊದಲ ನಿಯಮವನ್ನು ಹೀಗೆ ಹೇಳಬಹುದು: ಯಾವ ನದಿಯ ಮೀನೋ ಅದೇ ನದಿಗೆ. ಎರಡನೆಯ ನಿಯಮ ತಂದೆತಾಯಿಗಳ ಸಂಖ್ಯೆಗೆ ಸಂಬಂಧಿಸಿದ್ದು. ಅದನ್ನು ಅರಿಯಲು ಆನುವಂಶಿಕ ವೈವಿಧ್ಯ ಎಂದರೇನು ಎಂಬುದನ್ನು ತಿಳಿಯಬೇಕು.

ಆನುವಂಶಿಕ ವೈವಿಧ್ಯ ಎಂದರೇನು?

ಒಂದೇ ಜಾತಿಯ ಮೀನುಗಳೆಲ್ಲವೂ ಹೊರನೋಟಕ್ಕೆ ಒಂದೇ ರೀತಿ ಕಂಡರೂ ಅವುಗಳ ವಂಶವಾಹಿಗಳಲ್ಲಿ ವ್ಯತ್ಯಾಸಗಳಿರುತ್ತವೆ. ಕೆಲವು ಮೀನುಗಳು ಹೆಚ್ಚು ಉಷ್ಣಾಂಶವನ್ನು ತಾಳುತ್ತವೆ, ಕೆಲವು ಒಂದು ರೋಗವನ್ನು ಎದುರಿಸುತ್ತವೆ, ಕೆಲವು ಮುಂಗಾರಿನ ಮೊದಲ ನೆರೆಗೆ, ಇನ್ನು ಕೆಲವು ತಡವಾಗಿ ಮೊಟ್ಟೆಯಿಡುತ್ತವೆ. ಮಳೆ ತಡವಾದ ವರ್ಷ ತಡವಾಗಿ ಮೊಟ್ಟೆಯಿಡುವ ಮೀನುಗಳೇ ಸಂತತಿಯನ್ನು ಉಳಿಸುತ್ತವೆ. ಈ ವ್ಯತ್ಯಾಸಗಳ ಒಟ್ಟು ಸಂಗ್ರಹವೇ ಆನುವಂಶಿಕ ವೈವಿಧ್ಯ.

ಈ ವಿಷಯ ರೈತರಿಗೆ ಹೊಸದಲ್ಲ. ಕುರಿ ಸಾಕುವವರು ಬೀಜದ ಟಗರನ್ನು ಎರಡು–ಮೂರು ವರ್ಷಗಳಿಗೊಮ್ಮೆ ಬದಲಿಸುತ್ತಾರೆ. ತಂದೆಯೇ ಮಕ್ಕಳೊಡನೆ ಕೂಡಿದರೆ ಮರಿಗಳು ಬಡವಾಗುತ್ತವೆ ಎಂಬುದು ಅವರ ಅನುಭವ. ನಾಟಿ ಮುಸುಕಿನ ಜೋಳದ ಬೀಜವನ್ನು ನಾಲ್ಕಾರು ತೆನೆಗಳಿಂದಲೇ ವರ್ಷಾನುವರ್ಷ ತೆಗೆಯುತ್ತಾ ಬಂದರೆ ಗಿಡ ಗಿಡ್ಡವಾಗಿ ತೆನೆ ಸಣ್ಣದಾಗುತ್ತದೆ. ಇದಕ್ಕೆ ಕಾರಣ ರಕ್ತಸಂಬಂಧಿಗಳ ನಡುವಿನ ಮಿಲನ, ಅಂದರೆ ಒಳಸಂವರ್ಧನೆ. ಮೀನುಗಳಲ್ಲಿಯೂ ಇದರಿಂದ ಮೊಟ್ಟೆ ಒಡೆಯುವ ಪ್ರಮಾಣ ಕುಗ್ಗುವುದು, ಅಂಗವಿಕಲ ಮರಿಗಳು ಹೆಚ್ಚುವುದು, ಬೆಳವಣಿಗೆ ಕುಂಠಿತವಾಗುವುದು ಮತ್ತು ರೋಗನಿರೋಧಕ ಶಕ್ತಿ ಕಡಿಮೆಯಾಗುವುದು ಕಂಡುಬರುತ್ತದೆ.

ಆದರೆ ಒಂದು ವ್ಯತ್ಯಾಸವಿದೆ. ಒಂದು ಕುರಿ ವರ್ಷಕ್ಕೆ ಒಂದೆರಡು ಮರಿ ಹಾಕಿದರೆ ಒಂದು ಹೆಣ್ಣು ಮೀನು ಸಾವಿರಗಟ್ಟಲೆ, ಗೆಂಡೆ ಜಾತಿಯ ದೊಡ್ಡ ಮೀನುಗಳು ಲಕ್ಷಗಟ್ಟಲೆ ಮೊಟ್ಟೆಯಿಡುತ್ತವೆ. ಎರಡು ಜೋಡಿ ಮೀನಿನಿಂದ ಇಡೀ ಕೆರೆಯನ್ನು ತುಂಬಿಸಬಹುದು. ಈ ಅನುಕೂಲವೇ ಅಪಾಯದ ಮೂಲ. ಕಡಿಮೆ ತಾಯಿಮೀನುಗಳಿಂದ ಗುರಿ ತಲುಪಲು ಸಾಧ್ಯವಿರುವುದರಿಂದ ಹೆಚ್ಚು ತಾಯಿಮೀನುಗಳನ್ನು ಸಾಕುವ ಖರ್ಚನ್ನು ಯಾರೂ ವಹಿಸುವುದಿಲ್ಲ.

ಕರ್ನಾಟಕದ ಅನುಭವವೇ ಇದಕ್ಕೆ ಸಾಕ್ಷಿ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಹಾರ್ಮೋನು ಚುಚ್ಚುಮದ್ದಿನಿಂದ ಗೆಂಡೆ ಮೀನುಗಳನ್ನು ಮರಿ ಮಾಡಿಸುವಲ್ಲಿ ಯಶಸ್ವಿಯಾದ ಬಳಿಕ, ಮರಿ ಕೇಂದ್ರಗಳು ನದಿಯಿಂದ ಮರಿ ತರುವ ಅಗತ್ಯವಿಲ್ಲದೆ ತಮ್ಮ ಕೊಳದ ಮೀನುಗಳಿಂದಲೇ ಮುಂದಿನ ತಲೆಮಾರನ್ನು ಪಡೆಯತೊಡಗಿದವು. 1990ರಲ್ಲಿ ಪ್ರಕಟವಾದ ಏಕನಾಥ್ ಮತ್ತು ಡಾಯ್ಲ್ ಅವರ ಅಧ್ಯಯನವು ಕರ್ನಾಟಕದ 18 ಮರಿ ಕೇಂದ್ರಗಳನ್ನು ಪರಿಶೀಲಿಸಿ, ಒಳಸಂವರ್ಧನೆಯು ಪ್ರತಿ ತಲೆಮಾರಿಗೆ ಶೇ. 2ರಿಂದ 17ರಷ್ಟು ಏರುತ್ತಿದೆ ಎಂದು ಅಂದಾಜು ಮಾಡಿತು. ಕಾಟ್ಲಾ, ರೋಹುಗಳಂತಹ ಸಾಮಾನ್ಯ ಮೀನುಗಳಿಗೆ ಹೊಸ ತಳಿಯನ್ನು ಗಂಗಾ ಕೊಳ್ಳದಿಂದ ತಂದು ಈ ನಷ್ಟವನ್ನು ಸರಿಪಡಿಸಬಹುದು. ಅಪರೂಪದ ನಾಡಮೀನಿಗೆ ಅಂತಹ ಎರಡನೆಯ ಮೂಲವಿಲ್ಲ.

ಕಣ್ಣಿಗೆ ಕಾಣುವ ಸಂಖ್ಯೆ ಮತ್ತು ಪರಿಣಾಮಕಾರಿ ಸಂಖ್ಯೆ

ಕೊಳದಲ್ಲಿ 100 ತಾಯಿಮೀನುಗಳಿದ್ದರೂ ಅವುಗಳಲ್ಲಿ ಮರಿ ಮಾಡಿದ್ದು ಹತ್ತೇ ಆದರೆ ಉಳಿದ 90 ಮೀನುಗಳ ವಂಶವಾಹಿಗಳು ಮುಂದಿನ ತಲೆಮಾರಿಗೆ ತಲುಪುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಪರಿಣಾಮಕಾರಿ ಸಂಖ್ಯೆ ಎಂಬ ಅಳತೆಯನ್ನು ಬಳಸುತ್ತಾರೆ. ಮರಿ ಮಾಡಿದ ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಬಂದದ್ದನ್ನು ಗಂಡು–ಹೆಣ್ಣುಗಳ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಒಂದನ್ನು ಈ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ ಒಂದು ತಲೆಮಾರಿನಲ್ಲಿ ಏರುವ ಒಳಸಂವರ್ಧನೆಯ ಪ್ರಮಾಣ ತಿಳಿಯುತ್ತದೆ.

• 10 ಹೆಣ್ಣು, 2 ಗಂಡು: ಪರಿಣಾಮಕಾರಿ ಸಂಖ್ಯೆ ಸುಮಾರು 6.7, ಒಳಸಂವರ್ಧನೆ ಪ್ರತಿ ತಲೆಮಾರಿಗೆ ಶೇ. 7.5
• 10 ಹೆಣ್ಣು, 10 ಗಂಡು: ಪರಿಣಾಮಕಾರಿ ಸಂಖ್ಯೆ 20, ಶೇ. 2.5
• 25 ಹೆಣ್ಣು, 25 ಗಂಡು: ಪರಿಣಾಮಕಾರಿ ಸಂಖ್ಯೆ 50, ಶೇ. 1
• 50 ಹೆಣ್ಣು, 50 ಗಂಡು: ಪರಿಣಾಮಕಾರಿ ಸಂಖ್ಯೆ 100; ಶೇ. 0.5

ಮೊದಲ ಸಾಲನ್ನು ಗಮನಿಸಿ. ಹನ್ನೆರಡು ಮೀನುಗಳಿದ್ದರೂ ಗಂಡುಗಳು ಎರಡೇ ಆದುದರಿಂದ ಅವು ಏಳು ಮೀನುಗಳಿಗೂ ಸಮನಾಗಲಿಲ್ಲ. ಒಂದು ಗಂಡಿನ ವೀರ್ಯ ಹಲವು ಹೆಣ್ಣುಗಳಿಗೆ ಸಾಕಾಗುತ್ತದೆ ಎಂದು ಗಂಡುಗಳನ್ನು ಕಡಿಮೆ ಇಟ್ಟುಕೊಳ್ಳುವ ಪದ್ಧತಿ ಎಷ್ಟು ದುಬಾರಿ ಎಂಬುದು ಇದರಿಂದ ಸ್ಪಷ್ಟ.

ಕುಟುಂಬಗಳ ಪಾಲು ಕೂಡ ಮುಖ್ಯ. 20 ತಂದೆತಾಯಿಗಳಿಂದ ಸಮಾನ ಸಂಖ್ಯೆಯ ಮರಿಗಳನ್ನು ಮುಂದಿನ ತಲೆಮಾರಿಗೆ ಉಳಿಸಿಕೊಂಡರೆ ಪರಿಣಾಮಕಾರಿ ಸಂಖ್ಯೆ ಸುಮಾರು 39ಕ್ಕೆ ಏರುತ್ತದೆ. ಹೇಗೆ ಬಂದರೆ ಹಾಗೆ ಬಿಟ್ಟರೆ ಅದು 20ರ ಆಸುಪಾಸಿನಲ್ಲಿರುತ್ತದೆ. ಒಂದೆರಡು ಕುಟುಂಬಗಳ ಮರಿಗಳೇ ತೊಟ್ಟಿಯನ್ನು ತುಂಬಿಕೊಂಡರೆ 6–7ಕ್ಕೂ ಇಳಿಯಬಹುದು. ಒಂದು ಮೀನನ್ನೂ ಹೆಚ್ಚಾಗಿ ಹಿಡಿಯದೆ, ಕೇವಲ ಎಣಿಕೆಯ ಶಿಸ್ತಿನಿಂದ ದೊರೆಯುವ ಲಾಭವಿದು.

ಇನ್ನೊಂದು ಎಚ್ಚರಿಕೆ: ಒಂದೇ ಒಂದು ಕೆಟ್ಟ ವರ್ಷ ಹಲವು ಒಳ್ಳೆಯ ವರ್ಷಗಳ ಶ್ರಮವನ್ನು ಹಾಳುಮಾಡುತ್ತದೆ. ನಾಲ್ಕು ತಲೆಮಾರುಗಳಲ್ಲಿ ಪರಿಣಾಮಕಾರಿ ಸಂಖ್ಯೆ 100, 100, 4, 100 ಎಂದಿದ್ದರೆ ಅದರ ಒಟ್ಟಾರೆ ಬೆಲೆ 76 ಅಲ್ಲ, ಕೇವಲ 14. ಕಳೆದುಹೋದ ವಂಶವಾಹಿಗಳು ನಂತರ ಎಷ್ಟು ಮರಿ ಮಾಡಿದರೂ ಮರಳಿ ಬರುವುದಿಲ್ಲ.

ಕೇಂದ್ರದ ಮರಿಗಳನ್ನು ನದಿಗೆ ಬಿಟ್ಟಾಗ

ನದಿಯಲ್ಲಿ ಈಗಾಗಲೇ ಅದೇ ಜಾತಿಯ ಮೀನುಗಳಿದ್ದರೆ ಮರಿ ಬಿಡುವುದರಿಂದ ನಷ್ಟವೇನು ಎಂಬ ಪ್ರಶ್ನೆ ಸಹಜ. 1991ರಲ್ಲಿ ರೈಮನ್ ಮತ್ತು ಲೈಕ್ರೆ ಎಂಬ ವಿಜ್ಞಾನಿಗಳು ಇದಕ್ಕೆ ಲೆಕ್ಕದ ಮೂಲಕ ಉತ್ತರ ನೀಡಿದರು. ನದಿಯ ಮೀನುಗಳ ಪರಿಣಾಮಕಾರಿ ಸಂಖ್ಯೆ 200, ಮರಿ ಕೇಂದ್ರದ ತಂದೆತಾಯಿಗಳದ್ದು 10 ಎಂದಿಟ್ಟುಕೊಳ್ಳಿ. ಮುಂದಿನ ತಲೆಮಾರಿನಲ್ಲಿ ಅರ್ಧದಷ್ಟು ಮೀನುಗಳು ಕೇಂದ್ರದಿಂದ ಬಂದವಾದರೆ ಒಟ್ಟು ಪರಿಣಾಮಕಾರಿ ಸಂಖ್ಯೆ 210 ಆಗುವುದಿಲ್ಲ. ಅದು ಸುಮಾರು 38ಕ್ಕೆ ಕುಸಿಯುತ್ತದೆ. ಕೇಂದ್ರದ ಮರಿಗಳು ಶೇ. 80ರಷ್ಟಾದರೆ 16ಕ್ಕೂ ಕೆಳಗಿಳಿಯುತ್ತದೆ. ನದಿ ಮೀನುಗಳಿಂದ ತುಂಬಿದಂತೆ ಕಂಡರೂ ಅವೆಲ್ಲ ಅಣ್ಣ–ತಂಗಿಯರಾಗಿರುತ್ತವೆ.

ಅದೇ ಲೆಕ್ಕದಲ್ಲಿ ಕೇಂದ್ರದ ಪರಿಣಾಮಕಾರಿ ಸಂಖ್ಯೆ 100 ಆಗಿದ್ದು ಮರಿಗಳ ಪಾಲು ಅರ್ಧವಾದರೆ ಒಟ್ಟು ಸಂಖ್ಯೆ 200ರಿಂದ ಸುಮಾರು 267ಕ್ಕೆ ಏರುತ್ತದೆ. ಆದ್ದರಿಂದ ಮರಿ ಕೇಂದ್ರಗಳೇ ಬೇಡವೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಸರಿಯಾಗಿ ನಡೆದ ಕೇಂದ್ರ ನದಿಗೆ ನೆರವಾಗುತ್ತದೆ, ಕೆಲವೇ ತಾಯಿಮೀನುಗಳನ್ನು ಅವಲಂಬಿಸಿದ ಕೇಂದ್ರ ಹಾನಿ ಮಾಡುತ್ತದೆ. ಎರಡೂ ಕಡೆ ಬಿಟ್ಟ ಮರಿಗಳ ಸಂಖ್ಯೆ ಒಂದೇ ಆಗಿರಬಹುದು.

ಕೊಳಕ್ಕೆ ಬೇಕಾದ ತಳಿ ಬೇರೆ, ನದಿಗೆ ಬೇಕಾದ ತಳಿ ಬೇರೆ

ಕೃಷಿಹೊಂಡದಲ್ಲಿ ಸಾಕುವ ಮೀನು ಬೇಗ ಬೆಳೆಯಬೇಕು. ಆದ್ದರಿಂದ ದೊಡ್ಡದಾಗಿ, ಬೇಗ ಬೆಳೆದ ಮೀನುಗಳನ್ನು ಆರಿಸಿ ಮರಿ ಮಾಡಿಸುವುದು ಸರಿಯಾದ ಕ್ರಮ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ನಾರ್ವೆಯ ಸಹಯೋಗದಲ್ಲಿ 1992ರಲ್ಲಿ ಆರಂಭಿಸಿದ ಜಯಂತಿ ರೋಹು ತಳಿ ಅಭಿವೃದ್ಧಿ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಯೂ ಗಂಗಾ, ಯಮುನಾ, ಗೋಮತಿ, ಸಟ್ಲೆಜ್ ಮತ್ತು ಬ್ರಹ್ಮಪುತ್ರ ನದಿಗಳ ಮೀನುಗಳನ್ನು ಕಲೆಹಾಕಿ, ವಿಶಾಲವಾದ ಬುನಾದಿಯನ್ನು ಹಾಕಿದ ನಂತರವೇ ಆಯ್ಕೆಯನ್ನು ಪ್ರಾರಂಭಿಸಲಾಯಿತು.

ನದಿಗೆ ಬಿಡುವ ಮೀನಿಗೆ ಈ ಎರಡೂ ಕ್ರಮಗಳು ಸಲ್ಲದು. ದೊಡ್ಡ ಮೀನನ್ನು ಆರಿಸಬಾರದು, ಬೇರೆ ಬೇರೆ ನದಿಗಳ ಮೀನುಗಳನ್ನು ಬೆರೆಸಬಾರದು. ತೊಟ್ಟಿಯಲ್ಲಿ ಬೇಗ ಬೆಳೆಯುವ ಮರಿಯೆಂದರೆ ಮನುಷ್ಯನ ನೆರಳಿಗೆ ಹೆದರದೆ ಮೇಲೆ ಬಂದು ಆಹಾರ ತಿನ್ನುವ ಮರಿ. ನದಿಯಲ್ಲಿ ಅದೇ ಮರಿ ಮಿಂಚುಳ್ಳಿಗೂ ನೀರುಕಾಗೆಗೂ ಮೊದಲ ತುತ್ತಾಗುತ್ತದೆ. ಅಮೆರಿಕದ ಆರೆಗಾನ್ ರಾಜ್ಯದ ಹುಡ್ ನದಿಯ ಸ್ಟೀಲ್‌ಹೆಡ್ ಟ್ರೌಟ್ ಮೀನಿನ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಮರಿ ಕೇಂದ್ರದಲ್ಲಿ ಕಳೆದ ಪ್ರತಿ ತಲೆಮಾರಿಗೂ ನದಿಯಲ್ಲಿನ ಸಂತಾನ ಸಾಮರ್ಥ್ಯ ಸುಮಾರು ಶೇ. 40ರಷ್ಟು ಕುಗ್ಗಿತ್ತು. ಆದುದರಿಂದ ಸಂರಕ್ಷಣೆಗಾಗಿ ಸಾಕುವ ಮೀನನ್ನು ಸಾಧ್ಯವಾದಷ್ಟು ಕಡಿಮೆ ತಲೆಮಾರುಗಳ ಕಾಲ ಕೇಂದ್ರದಲ್ಲಿ ಇಡಬೇಕು.

ಮರಿ ಉತ್ಪಾದನಾ ಕೇಂದ್ರಗಳು ಅನುಸರಿಸಬೇಕಾದ ಕ್ರಮಗಳು

1. ಪ್ರಭೇದ ಮತ್ತು ಮೂಲದ ಖಚಿತತೆ: ಮರಿ ಮಾಡಿಸುವ ಮೊದಲು ಪ್ರತಿ ತಾಯಿಮೀನಿನ ಈಜುರೆಕ್ಕೆಯ ಸಣ್ಣ ತುಣುಕನ್ನು ಶುದ್ಧ ಎಥನಾಲ್‌ನಲ್ಲಿ ಸಂಗ್ರಹಿಸಿ ಡಿಎನ್‌ಎ ಪರೀಕ್ಷೆಗೆ ಕಳುಹಿಸಬೇಕು. ರೆಕ್ಕೆಯ ಬಣ್ಣವನ್ನು ಮಾತ್ರ ನಂಬಬಾರದು. ಕಾವೇರಿ, ಕೃಷ್ಣಾ–ತುಂಗಭದ್ರಾ ಮತ್ತು ಪಶ್ಚಿಮಕ್ಕೆ ಹರಿಯುವ ನದಿಗಳ ಮೀನುಗಳನ್ನು ಪ್ರತ್ಯೇಕ ಕೊಳಗಳಲ್ಲಿ ಇಡಬೇಕು. ನೋಡಲು ಒಂದೇ ಆದರೂ ಬೆರೆಸಬಾರದು.

2. ಮೂಲ ಮೀನುಗಳ ಸಂಗ್ರಹ: ಕನಿಷ್ಠ 25 ಗಂಡು ಮತ್ತು 25 ಹೆಣ್ಣು ಮೀನುಗಳ ಗುರಿಯಿರಲಿ. ಅವುಗಳನ್ನು ಒಂದೇ ಮಡುವಿನಿಂದ, ಒಂದೇ ದಿನ ಹಿಡಿಯಬಾರದು. ನದಿಯಲ್ಲಿ ಶೇ. 5ರಷ್ಟು ಪ್ರಮಾಣದಲ್ಲಿರುವ ಒಂದು ವಂಶವಾಹಿ ರೂಪವು 10 ಮೀನುಗಳ ಸಂಗ್ರಹದಲ್ಲಿ ತಪ್ಪಿಹೋಗುವ ಸಾಧ್ಯತೆ ಶೇ. 36, 30 ಮೀನುಗಳಾದರೆ ಶೇ. 5, 50 ಆದರೆ ಶೇ. 1ಕ್ಕಿಂತ ಕಡಿಮೆ. ಸಂಗ್ರಹಣೆಗೆ ಮೀನುಗಾರಿಕೆ ಇಲಾಖೆಯ, ಅರಣ್ಯ ಪ್ರದೇಶವಾದರೆ ಅರಣ್ಯ ಇಲಾಖೆಯ ಪೂರ್ವಾನುಮತಿ ಕಡ್ಡಾಯ.

3. ಗುರುತು: ಪ್ರತಿ ತಾಯಿಮೀನಿಗೆ ಅಕ್ಕಿಕಾಳಿನ ಗಾತ್ರದ ಪಿಟ್ ಟ್ಯಾಗ್ ಅಳವಡಿಸಬೇಕು. ಯಾವ ಮೀನು ಯಾವ ವರ್ಷ ಯಾವುದರೊಡನೆ ಕೂಡಿತು ಎಂಬುದು ಗುರುತಿಲ್ಲದೆ ತಿಳಿಯುವುದಿಲ್ಲ.

4. ಋತುವಿನುದ್ದಕ್ಕೂ ಸಂತಾನೋತ್ಪತ್ತಿ: ಮೊದಲು ಬಲಿತ ಕೆಲವು ಹೆಣ್ಣುಗಳಿಂದಲೇ ವರ್ಷದ ಗುರಿಯನ್ನು ಮುಗಿಸಬಾರದು. ಹಾಗೆ ಮಾಡಿದರೆ ತಡವಾಗಿ ಮೊಟ್ಟೆಯಿಡುವ ಗುಣ ಕೆಲವೇ ತಲೆಮಾರುಗಳಲ್ಲಿ ಅಳಿಯುತ್ತದೆ. ಆರಂಭ, ನಡುವೆ, ಕೊನೆ ಮೂರೂ ಅವಧಿಯ ಮೀನುಗಳಿಗೆ ಅವಕಾಶವಿರಲಿ.

5. ಒಂದಕ್ಕೊಂದು ಜೋಡಿ: ಗುಂಪಾಗಿ ತೊಟ್ಟಿಯಲ್ಲಿ ಬಿಟ್ಟು ಮರಿ ಮಾಡಿಸಿದರೆ ಬಲಿಷ್ಠವಾದ ಒಂದೆರಡು ಗಂಡುಗಳೇ ಹೆಚ್ಚಿನ ಮೊಟ್ಟೆಗಳನ್ನು ಫಲಿತಗೊಳಿಸುತ್ತವೆ. ಕೈಯಿಂದ ಹಿಂಡಿ ಮೊಟ್ಟೆ ತೆಗೆಯುವ ಪದ್ಧತಿಯಲ್ಲಿ ಒಂದು ಹೆಣ್ಣಿಗೆ ಒಂದು ಗಂಡಿನಂತೆ ಜೋಡಿಸಬೇಕು. ಇನ್ನೂ ಉತ್ತಮ ಕ್ರಮವೆಂದರೆ ಪ್ರತಿ ಹೆಣ್ಣಿನ ಮೊಟ್ಟೆಗಳನ್ನು ಮೂರು–ನಾಲ್ಕು ಭಾಗ ಮಾಡಿ, ಒಂದೊಂದು ಭಾಗವನ್ನು ಬೇರೆ ಬೇರೆ ಗಂಡಿನ ವೀರ್ಯದಿಂದ ಪ್ರತ್ಯೇಕ ಬಟ್ಟಲಿನಲ್ಲಿ ಫಲಿತಗೊಳಿಸುವುದು. ಒಂದು ಗಂಡಿನ ವೀರ್ಯ ಕೆಟ್ಟಿದ್ದರೂ ಆಗ ಆ ಹೆಣ್ಣಿನ ಎಲ್ಲ ಮೊಟ್ಟೆಗಳೂ ವ್ಯರ್ಥವಾಗುವುದಿಲ್ಲ.

6. ವೀರ್ಯವನ್ನು ಬೆರೆಸಬಾರದು: ಹಲವು ಗಂಡುಗಳ ವೀರ್ಯವನ್ನು ಒಂದೇ ಬಟ್ಟಲಿಗೆ ಹಾಕುವುದು ಸಾಮಾನ್ಯ ರೂಢಿ. ಬೆರೆಸಿದಾಗ ಹೆಚ್ಚು ಚುರುಕಾದ ಒಂದು ಗಂಡಿನ ವೀರ್ಯವೇ ಬಹುಪಾಲು ಮೊಟ್ಟೆಗಳನ್ನು ತಲುಪುತ್ತದೆ. ದಾಖಲೆಯಲ್ಲಿ ಐದು ಗಂಡುಗಳಿರುತ್ತವೆ, ಮರಿಗಳಲ್ಲಿ ಒಂದೇ ಇರುತ್ತದೆ. ವೀರ್ಯಾಣುಗಳು ನೀರು ತಗುಲಿದ ಒಂದೆರಡು ನಿಮಿಷಗಳಲ್ಲಿ ನಿಷ್ಕ್ರಿಯವಾಗುವುದರಿಂದ ಬಟ್ಟಲು, ಮೀನಿನ ಮೈ ಮತ್ತು ಕೈಗಳು ಒಣಗಿರಬೇಕು; ಬೆರೆಸಿದ ನಂತರವೇ ನೀರು ಸೇರಿಸಬೇಕು.

7. ಕುಟುಂಬವಾರು ಪಾಲನೆ: ಪ್ರತಿ ಜೋಡಿಯ ಮರಿಗಳನ್ನು ಎಣಿಸಬಹುದಾದ ಗಾತ್ರಕ್ಕೆ ಬರುವವರೆಗೆ ಪ್ರತ್ಯೇಕ ತಟ್ಟೆ ಅಥವಾ ಹಾಪಾಗಳಲ್ಲಿ ಪಾಲಿಸಬೇಕು. ಬಳಿಕ ಪ್ರತಿ ಕುಟುಂಬದಿಂದ ಸಮಾನ ಸಂಖ್ಯೆಯ ಮರಿಗಳನ್ನು ತೆಗೆದು ಒಟ್ಟುಗೂಡಿಸಬೇಕು. ಮೊಟ್ಟೆಯ ಹಂತದಲ್ಲಿ ಸಮ ಮಾಡಿದರೆ ಸಾಲದು, ಏಕೆಂದರೆ ಬದುಕುಳಿಯುವ ಪ್ರಮಾಣ ಕುಟುಂಬದಿಂದ ಕುಟುಂಬಕ್ಕೆ ಬದಲಾಗುತ್ತದೆ.

8. ವಿಂಗಡಣೆಯಲ್ಲಿ ಎಚ್ಚರ: ಗಾತ್ರದ ಆಧಾರದ ಮೇಲೆ ವಿಂಗಡಿಸಿ ಸಣ್ಣ ಮರಿಗಳನ್ನು ತ್ಯಜಿಸುವಾಗ ಒಂದು ಇಡೀ ಕುಟುಂಬವೇ ಹೊರಟುಹೋಗಬಹುದು. ಗಾತ್ರವಾರು ವಿಂಗಡಿಸುವುದಾದರೆ ಪ್ರತಿ ಕುಟುಂಬದ ಒಳಗೇ ಮಾಡಬೇಕು.

9. ದಾಖಲೆ: ತಾಯಿಮೀನಿನ ಸಂಖ್ಯೆ, ಮೂಲ ನದಿ ಮತ್ತು ಸ್ಥಳ, ಹಿಡಿದ ದಿನಾಂಕ, ಜೋಡಿಯ ವಿವರ, ಮೊಟ್ಟೆ ಹಾಗೂ ಉಳಿದ ಮರಿಗಳ ಸಂಖ್ಯೆ, ಬಿಟ್ಟ ಸ್ಥಳ ಮತ್ತು ದಿನಾಂಕ ಇವೆಲ್ಲ ಒಂದೇ ವಹಿಯಲ್ಲಿರಲಿ. ಸಿಬ್ಬಂದಿ ವರ್ಗವಾದಾಗ ವಹಿಯೂ ಮೀನುಗಳ ಜೊತೆ ಹಸ್ತಾಂತರವಾಗಬೇಕು.

ಏಳನೆಯ ಕ್ರಮವನ್ನು ಪಾಲಿಸಿದರೆ ಬಿಡುಗಡೆಯಾಗುವ ಮರಿಗಳ ಸಂಖ್ಯೆ ಕಡಿಮೆಯಾಗುತ್ತದೆ ಎಂಬುದು ನಿಜ. ಎಂಟು ಜೋಡಿಗಳಲ್ಲಿ ಒಂದು 6,000 ಮರಿಗಳನ್ನೂ ಇನ್ನೊಂದು 500 ಮರಿಗಳನ್ನೂ ಕೊಟ್ಟರೆ, ಸಮ ಪಾಲಿನ ಲೆಕ್ಕದಲ್ಲಿ ಪ್ರತಿಯೊಂದರಿಂದ 500ರಂತೆ 4,000 ಮರಿಗಳು ಮಾತ್ರ ನದಿಗೆ ಹೋಗುತ್ತವೆ. ವಾರ್ಷಿಕ ಗುರಿಯ ದೃಷ್ಟಿಯಿಂದ ಇದು ಕೊರತೆಯಂತೆ ಕಾಣಬಹುದು. ಆದರೆ ಎಂಟು ಕುಟುಂಬಗಳ 4,000 ಮರಿಗಳು ಒಂದೇ ಕುಟುಂಬದ್ದೇ ಹೆಚ್ಚಾಗಿರುವ 20,000 ಮರಿಗಳಿಗಿಂತ ನದಿಗೆ ಹೆಚ್ಚು ಉಪಯುಕ್ತ. ಮೇಲಧಿಕಾರಿಗಳಿಗೆ ಸಲ್ಲಿಸುವ ವರದಿಯಲ್ಲಿ ಮರಿಗಳ ಸಂಖ್ಯೆಯ ಪಕ್ಕದಲ್ಲಿಯೇ ತಂದೆತಾಯಿಗಳ ಸಂಖ್ಯೆಯನ್ನೂ ನಮೂದಿಸಿದರೆ ಈ ಮಾತು ಅವರಿಗೂ ಮನವರಿಕೆಯಾಗುತ್ತದೆ. ಹೆಚ್ಚುವರಿ ಮರಿಗಳನ್ನು ಅದೇ ಕೊಳ್ಳದ, ನೆರೆ ನೀರು ಹೊರಹರಿಯದ ಕೊಳಗಳಲ್ಲಿ ಸಾಕಲು ನೀಡಬಹುದು.

ತಾಯಿಮೀನುಗಳು ಬೆರಳೆಣಿಕೆಯಷ್ಟಿದ್ದಾಗ

ಡುಬ್ಬಬೆನ್ನಿನ ಮಹಶೀರ್‌ನಂತಹ ಮೀನಿಗೆ 25 ಜೋಡಿಗಳನ್ನು ಒಟ್ಟುಗೂಡಿಸುವುದು ಸುಲಭವಲ್ಲ. ಅಂತಹ ಸಂದರ್ಭದಲ್ಲಿ ಕೈಚೆಲ್ಲದೆ ಈ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

• ಸಿಕ್ಕ ಪ್ರತಿಯೊಂದು ಮೀನೂ ಮರಿ ಮಾಡುವಂತೆ ನೋಡಿಕೊಳ್ಳಿ. ಬಡಕಲು, ಅಂದಗೇಡಿ ಎಂದು ಯಾವುದನ್ನೂ ತಳ್ಳಬೇಡಿ. ಬೇರೆಲ್ಲಿಯೂ ಇಲ್ಲದ ವಂಶವಾಹಿ ಅದರಲ್ಲಿಯೇ ಇರಬಹುದು.
• ವೈವಿಧ್ಯದ ನಷ್ಟ ಆಗುವುದು ವರ್ಷಕ್ಕೊಮ್ಮೆಯಲ್ಲ, ತಲೆಮಾರಿಗೊಮ್ಮೆ. ಮಹಶೀರ್ ದೀರ್ಘಾಯುಷಿ. ಮೂಲ ಮೀನುಗಳನ್ನು ಹಲವು ವರ್ಷ ಜೀವಂತವಾಗಿಟ್ಟು, ಪ್ರತಿ ವರ್ಷವೂ ಜೋಡಿಗಳನ್ನು ಬದಲಿಸಿ ಮರಿ ಪಡೆಯಬೇಕು. ಕೇಂದ್ರದಲ್ಲಿಯೇ ಹುಟ್ಟಿದ ಮರಿಗಳನ್ನು ಅವಸರದಿಂದ ತಾಯಿಮೀನುಗಳನ್ನಾಗಿ ಮಾಡಬಾರದು.
• ಗಂಡುಮೀನಿನ ವೀರ್ಯವನ್ನು ದ್ರವರೂಪದ ಸಾರಜನಕದಲ್ಲಿ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ವರ್ಷ ಕಾಪಾಡಬಹುದು. ಲಕ್ನೋದ ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಸಂಸ್ಥೆಯು ದೇಶದ ಹಲವು ಮೀನುಗಳಿಗೆ ಈ ವಿಧಾನವನ್ನು ರೂಪಿಸಿದೆ. ಸತ್ತುಹೋದ ಗಂಡಿನ ವಂಶವೂ ಇದರಿಂದ ಮುಂದುವರಿಯುತ್ತದೆ.
• ಎಲ್ಲ ತಾಯಿಮೀನುಗಳನ್ನು ಒಂದೇ ಕೇಂದ್ರದಲ್ಲಿ ಇಡಬೇಡಿ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲಾ ಹೊಳೆಯಲ್ಲಿ ಭಕ್ತರು ಪೂಜ್ಯಭಾವದಿಂದ ಕಾಪಾಡಿಕೊಂಡು ಬಂದ ದೇವರ ಮೀನುಗಳು 1996ರಲ್ಲಿ ವಿಷಪ್ರಾಶನದಿಂದ ಭಾರಿ ಸಂಖ್ಯೆಯಲ್ಲಿ ಸತ್ತುದನ್ನು ನೆನಪಿಸಿಕೊಳ್ಳಿ. ವಿದ್ಯುತ್ ನಿಂತು ಗಾಳಿಯಂತ್ರ ಸ್ಥಗಿತಗೊಂಡ ಒಂದೇ ರಾತ್ರಿಯಲ್ಲಿ ಇಡೀ ತೊಟ್ಟಿಯ ಮೀನುಗಳು ಸಾಯಬಲ್ಲವು. ಕನಿಷ್ಠ ಎರಡು ಸ್ಥಳಗಳಲ್ಲಿ ಹಂಚಿಟ್ಟು, ಅವುಗಳ ನಡುವೆ ಗಂಡುಗಳನ್ನು ಅದಲುಬದಲು ಮಾಡಬೇಕು.

ರೈತರು ಗಮನಿಸಬೇಕಾದ ಅಂಶಗಳು

ಮರಿ ಕೊಳ್ಳುವಾಗ ಬೆಲೆ ಮತ್ತು ಗಾತ್ರದ ಜೊತೆಗೆ ಇವನ್ನೂ ಕೇಳಿ: ಇದು ಯಾವ ನದಿಯ ಮೂಲದ ಮೀನು? ಈ ವರ್ಷ ಎಷ್ಟು ಹೆಣ್ಣು, ಎಷ್ಟು ಗಂಡು ಬಳಸಲಾಗಿದೆ? ತಾಯಿಮೀನುಗಳು ನದಿಯಿಂದ ಬಂದವೇ, ಕೊಳದಲ್ಲಿಯೇ ಹುಟ್ಟಿದವೇ? ಕೇಳುವವರು ಹೆಚ್ಚಾದಂತೆ ಉತ್ತರ ಸಿದ್ಧವಿಟ್ಟುಕೊಳ್ಳುವ ಕೇಂದ್ರಗಳೂ ಹೆಚ್ಚಾಗುತ್ತವೆ.

ಒಮ್ಮೆ ಕೊಂಡ ಮರಿಗಳನ್ನೇ ಬೆಳೆಸಿ ಅವುಗಳಿಂದ ಮುಂದಿನ ಮರಿಗಳನ್ನು ಪಡೆಯಲು ಯತ್ನಿಸಬೇಡಿ. ಅವು ಬಹುತೇಕ ಒಡಹುಟ್ಟಿದವುಗಳೇ ಆಗಿರುತ್ತವೆ. ಹೊಂಡ ಬತ್ತಿದಾಗ ಉಳಿದ ಮೀನುಗಳನ್ನು ಕರುಣೆಯಿಂದ ಹತ್ತಿರದ ಹೊಳೆಗೆ ಬಿಡಬೇಡಿ. ಹೊಂಡದ ತೂಬು ಮತ್ತು ಕೋಡಿಗಳಿಗೆ ಜಾಲರಿ ಹಾಕಿ. ಶೃಂಗೇರಿಯ ತುಂಗೆ, ರಾಮನಾಥಪುರದ ಕಾವೇರಿ, ಶಿಶಿಲದ ಕಪಿಲೆಯಂತಹ ಮತ್ಸ್ಯತೀರ್ಥಗಳಲ್ಲಿ ಹರಕೆಯೆಂದು ಹೊರಗಿನ ಮೀನನ್ನು ಬಿಡುವುದು ಬೇಡ. ಅಲ್ಲಿರುವ ಮೀನುಗಳು ಆಯಾ ನದಿಯ ತಳಿಯನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದ ಜೀವಂತ ಭಂಡಾರಗಳು. ಅವುಗಳಿಗೆ ಕೊರಗುವುದು ಹೊಸ ಮೀನಿಗಾಗಿ ಅಲ್ಲ, ಶುದ್ಧ ನೀರಿಗಾಗಿ.

ವಿಸ್ತರಣಾ ಕಾರ್ಯಕರ್ತರಿಗೆ

ನಿಮ್ಮ ವ್ಯಾಪ್ತಿಯಲ್ಲಿ ಮರಿ ಬಿತ್ತನೆ ಕಾರ್ಯಕ್ರಮ ಏರ್ಪಡಿಸುವ ಮೊದಲು ನಾಲ್ಕು ವಿಷಯಗಳನ್ನು ಖಚಿತಪಡಿಸಿಕೊಳ್ಳಿ. ಆ ನದಿಯಲ್ಲಿ ಆ ಮೀನು ಸ್ವಾಭಾವಿಕವಾಗಿ ಇತ್ತೇ? ಮರಿಗಳ ತಂದೆತಾಯಿಗಳು ಅದೇ ನದಿಯವೇ? ಎಷ್ಟು ಕುಟುಂಬಗಳ ಮರಿಗಳಿವೆ? ಮೀನು ಕಡಿಮೆಯಾಗಲು ಕಾರಣವಾದ ತೊಂದರೆ ನಿವಾರಣೆಯಾಗಿದೆಯೇ? ಮೊಟ್ಟೆಯಿಡುವ ಜಲ್ಲಿಕಲ್ಲಿನ ಹಾಸು ಮರಳುಗಾರಿಕೆಯಿಂದ ನಾಶವಾಗಿದ್ದರೆ, ಬೇಸಿಗೆಯಲ್ಲಿ ಮಡುಗಳು ಬತ್ತುತ್ತಿದ್ದರೆ, ಸಿಡಿಮದ್ದಿನ ಬಳಕೆ ನಿಂತಿಲ್ಲದಿದ್ದರೆ ಎಷ್ಟು ಮರಿ ಬಿಟ್ಟರೂ ಅವು ಉಳಿಯುವುದಿಲ್ಲ. ಈ ನಾಲ್ಕರಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ಕಾರ್ಯಕ್ರಮವನ್ನು ಮುಂದೂಡುವುದು ಲೇಸು. ಬಿಡದೆ ಉಳಿದ ಮರಿಗಳಿಂದ ನದಿಗೆ ನಷ್ಟವಿಲ್ಲ. ಒಮ್ಮೆ ಬಿಟ್ಟ ತಪ್ಪು ಮರಿಗಳನ್ನು ನದಿಯಿಂದ ಹಿಂಪಡೆಯಲು ಸಾಧ್ಯವಿಲ್ಲ.

ಮುಖ್ಯಾಂಶಗಳು

• ಯಾವ ನದಿಯ ಮೀನೋ ಅದೇ ನದಿಗೆ. ಪ್ರಭೇದ ಖಚಿತವಾಗದೆ ಬಿಡುಗಡೆ ಬೇಡ.
• ಕನಿಷ್ಠ 25 ಜೋಡಿ ತಾಯಿಮೀನುಗಳು. ಗಂಡು–ಹೆಣ್ಣು ಸಮ ಪ್ರಮಾಣ.
• ಒಂದಕ್ಕೊಂದು ಜೋಡಿ. ವೀರ್ಯದ ಮಿಶ್ರಣ ಬೇಡ.
• ಪ್ರತಿ ಕುಟುಂಬದಿಂದ ಸಮಾನ ಸಂಖ್ಯೆಯ ಮರಿಗಳು.
• ನದಿಗೆ ಬಿಡುವ ಮೀನಿನಲ್ಲಿ ಗಾತ್ರದ ಆಯ್ಕೆ ಬೇಡ.
• ಪ್ರತಿ ವರದಿಯಲ್ಲಿ ಮರಿಗಳ ಜೊತೆ ತಂದೆತಾಯಿಗಳ ಸಂಖ್ಯೆಯೂ ಇರಲಿ.

ಹೆಚ್ಚಿನ ಮಾಹಿತಿಗಾಗಿ ನಿಮ್ಮ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ತಾಲ್ಲೂಕು ಮೀನುಗಾರಿಕೆ ಕಚೇರಿಯನ್ನು ಸಂಪರ್ಕಿಸಿ. ಹೋಗುವಾಗ ನಿಮ್ಮ ಮರಿಗಳ ಮೂಲದ ವಿವರ ಮತ್ತು ದಾಖಲೆ ವಹಿಯನ್ನು ಜೊತೆಗೆ ಒಯ್ಯಿರಿ.